ಎರಡು ಕೆಜಿ ಪಿಸ್ತೂಲಿನ ಲೆಕ್ಕ

ಒಂಬತ್ತನೇ ತರಗತಿಯ ಎನ್‌ಸಿಇಆರ್‌ಟಿ ವಿಜ್ಞಾನ ಪುಸ್ತಕದಲ್ಲಿ ಒಂದು ಲೆಕ್ಕ ಇತ್ತು. 2 ಕೆಜಿ ತೂಕದ ಪಿಸ್ತೂಲಿನಿಂದ 20 ಗ್ರಾಂ ತೂಕದ ಗುಂಡು ಸೆಕೆಂಡಿಗೆ 150 ಮೀಟರ್ ವೇಗದಲ್ಲಿ ಹಾರಿದರೆ ಪಿಸ್ತೂಲು ಎಷ್ಟು ವೇಗದಲ್ಲಿ ಹಿಂದಕ್ಕೆ ಬರುತ್ತದೆ? 20ನ್ನು 150ರಿಂದ ಗುಣಿಸಿ 2000ದಿಂದ ಭಾಗಿಸಿದರೆ ಸೆಕೆಂಡಿಗೆ ಒಂದೂವರೆ ಮೀಟರ್. ಮುಂದೆ ಮೈನಸ್ ಚಿಹ್ನೆ ಹಾಕಲು ಮರೆತವರಿಗೆ ಅರ್ಧ ಅಂಕ ಖೋತಾ. ವರ್ಷಗಟ್ಟಲೆ ಈ ಲೆಕ್ಕವನ್ನು ಬೋರ್ಡಿನ ಮೇಲೆ ಬಿಡಿಸಿದವನು ನಾನು. ಒಮ್ಮೆ ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು ನಿಂತ. ಅವರ ಮನೆಯಲ್ಲಿ ಕೋವಿ ಇತ್ತು. ‘ಸಾರ್, ಎರಡು ಕೆಜಿ ಪಿಸ್ತೂಲು ಎಲ್ಲಿ ಸಿಗುತ್ತೆ?’ ಎಂದು ಕೇಳಿದ. ಕ್ಲಾಸೆಲ್ಲ ನಕ್ಕಿತು. ‘ಕೂತ್ಕೊಳ್ಳೋ, ಮೊದಲು ಲೆಕ್ಕ ಬರಿ’ ಅಂದೆ. ಅವನು ಕೇಳಿದ್ದು ಸರಿಯಾಗಿಯೇ ಇತ್ತು ಎಂದು ಗೊತ್ತಾಗಲು ನಾನು ನಿವೃತ್ತನಾಗಿ ಟೆಕ್ಸಾಸಿಗೆ ಹೋಗಬೇಕಾಯಿತು.

ಅಲ್ಲಿ ನನ್ನ ತಂಗಿ ಇದ್ದಾಳೆ. ಆಸ್ಪತ್ರೆಯ ಲ್ಯಾಬಿನಲ್ಲಿ ಇಡೀ ಜೀವನ ದುಡಿದು ಈಗ ದೊಡ್ಡ ಮನೆಯಲ್ಲಿ ಒಬ್ಬಳೇ. ಎರಡು ಮನೆಯಾಚೆ ಹಾಡಹಗಲೇ ಕಳ್ಳರು ನುಗ್ಗಿದ್ದರಂತೆ. ಮಕ್ಕಳು ಹೆದರಿಸಿದರು, ಇವಳು ಅಂಗಡಿಗೆ ಹೋಗಿ ಒಂದು ರಿವಾಲ್ವರ್ ತಂದಳು. ನಾನು ಹೋದ ಮರುದಿನ ಬೆಳಿಗ್ಗೆ ಕಾಫಿ ಕುಡಿಯುತ್ತಿದ್ದಾಗ ಲಾಕರಿನಿಂದ ತೆಗೆದು, ಖಾಲಿ ಇದೆ ಎಂದು ಸಿಲಿಂಡರು ಬಿಚ್ಚಿ ತೋರಿಸಿ, ‘ಹಿಡಿದು ನೋಡಣ್ಣ, ಎಷ್ಟು ಹಗುರ ಇದೆ’ ಅಂದಳು. ನಾನು ಕೈ ಚಾಚಲಿಲ್ಲ. ವಿಸಿಟರ್ ವೀಸಾದಲ್ಲಿ ಹೋದವರು ಬಂದೂಕಾಗಲಿ ತೋಟಾ ಆಗಲಿ ಹೊಂದುವಂತಿಲ್ಲ ಎಂದು ಅಮೆರಿಕದ ಫೆಡರಲ್ ಕಾನೂನು ಹೇಳುತ್ತದೆ. ಬೇಟೆ ಲೈಸೆನ್ಸ್ ಪಡೆದವರಂಥ ಕೆಲವರಿಗೆ ಮಾತ್ರ ವಿನಾಯಿತಿ. ಮಕ್ಕಳ ಮನೆಗೆಂದು ಹೋಗಿ, ಅಳಿಯನ ಜೊತೆ ಶೂಟಿಂಗ್ ರೇಂಜಿನಲ್ಲಿ ಫೋಟೊ ತೆಗೆಸಿಕೊಂಡು ವಾಟ್ಸ್ಆ್ಯಪಿನಲ್ಲಿ ಹಂಚುವ ನಮ್ಮ ಹಿರಿಯರಿಗೆ ಇದು ಗೊತ್ತಿದ್ದರೆ ಒಳ್ಳೆಯದು.

ಹಾಗಾಗಿ ಮೇಜಿನ ಮೇಲಿಟ್ಟೇ ನೋಡಿದೆ. ಸ್ಮಿತ್ ಆಂಡ್ ವೆಸನ್ ಕಂಪನಿಯವರು ಜೆ-ಫ್ರೇಮ್ ಎಂದು ಕರೆಯುವ ಜಾತಿ. ಐದೇ ಗುಂಡು, ಎರಡಿಂಚಿಗೆ ಸ್ವಲ್ಪ ಕಡಿಮೆಯ ಮೊಂಡು ನಳಿಗೆ, ಅಲ್ಯೂಮಿನಿಯಂ ಮಿಶ್ರಲೋಹದ ಮೈ. ತೂಕ 410 ಗ್ರಾಂ ಆಸುಪಾಸು. ಅರ್ಧ ಕೆಜಿ ಸಕ್ಕರೆ ಪೊಟ್ಟಣಕ್ಕಿಂತ ಕಮ್ಮಿ.

‘ಹಗುರ ಇದೆ, ಹೌದು. ಹೊಡೆದು ನೋಡಿದ್ದೀಯಾ?’

‘ಐದು ಸಲ. ಆಮೇಲೆ ಮುಟ್ಟಿಲ್ಲ. ಹೆಬ್ಬೆರಳಿನ ಬುಡ ಒಂದು ವಾರ ಊದಿಕೊಂಡಿತ್ತು ಮಾರಾಯ. ಅಜ್ಜನ ಕೋವಿ ನೆನಪಾಯ್ತು.’

ಅಜ್ಜನ ಕೋವಿ ನನಗೂ ನೆನಪಿದೆ. ಮಲೆನಾಡಿನಲ್ಲಿ ತೋಟದ ಮನೆಯೆಂದರೆ ಅಟ್ಟದ ಮೇಲೊಂದು ಕೋವಿ ಇದ್ದೇ ಇರುತ್ತಿದ್ದ ಕಾಲ. ನಮ್ಮದು ಜೋಡಿ ನಳಿಗೆಯ ಹನ್ನೆರಡು ಬೋರಿನ ತೋಟಾ ಕೋವಿ. ಮಂಗ ಓಡಿಸಲು, ಹಂದಿ ಬೆದರಿಸಲು. ಚುನಾವಣೆ ಘೋಷಣೆಯಾದ ಕೂಡಲೇ ಅದನ್ನು ಹೊತ್ತು ಠಾಣೆಗೆ ಒಪ್ಪಿಸುವುದು, ಫಲಿತಾಂಶ ಬಂದ ಮೇಲೆ ಹೋಗಿ ಬಿಡಿಸಿಕೊಂಡು ಬರುವುದು ಅಜ್ಜನಿಗೆ ಐದು ವರ್ಷಕ್ಕೊಮ್ಮೆಯ ಹಬ್ಬ. ಹದಿನಾಲ್ಕನೇ ವಯಸ್ಸಿನಲ್ಲಿ ಅವರ ಕಣ್ಣೆದುರೇ ಒಂದು ಈಡು ಹೊಡೆದಿದ್ದೆ. ‘ಹಿಡಿಯನ್ನು ಭುಜಕ್ಕೆ ಒತ್ತಿ ಹಿಡಿ, ಇಲ್ಲದಿದ್ದರೆ ಒದೆಯುತ್ತೆ’ ಎಂದಿದ್ದರು. ಒತ್ತಲಿಲ್ಲ, ಒದೆಯಿತು. ಭುಜದ ಮೇಲೆ ನೇರಳೆ ಬಣ್ಣದ ಮಚ್ಚೆಯೊಂದು ಹತ್ತು ದಿನ ಇತ್ತು. ಆಮೇಲೆ ಮೇಷ್ಟ್ರಾಗಿ ‘ಹಿಮ್ಮೆಟ್ಟುವಿಕೆ’ ಎಂಬ ಪುಸ್ತಕದ ಪದವನ್ನು ಎಷ್ಟೋ ಸಲ ಬರೆಸಿದ್ದೇನೆ. ಆದರೆ ಕೋವಿ ಮಾಡುವುದಕ್ಕೆ ‘ಒದೆ’ ಎನ್ನುವಷ್ಟು ಸರಿಯಾದ ಪದ ಬೇರೆ ಇಲ್ಲ.

ತಂಗಿಯ ಮನೆಯಲ್ಲಿ ಬ್ಯಾಂಕಿನಿಂದ ಬಂದ ಲಕೋಟೆಯ ಬೆನ್ನ ಮೇಲೆ ಹಳೆಯ ಲೆಕ್ಕವನ್ನು ಹೊಸದಾಗಿ ಹಾಕಿದೆ. ಖಾಲಿ ರಿವಾಲ್ವರಿಗೆ ಐದು ತೋಟಾದ ತೂಕ ಸೇರಿಸಿದರೆ ಸುಮಾರು 485 ಗ್ರಾಂ. ಅಂಗಡಿಯವನು ಕೊಟ್ಟಿದ್ದ ಡಬ್ಬಿಯ ಗುಂಡು 10 ಗ್ರಾಂ ಚಿಲ್ಲರೆ. ಆ ಮೊಂಡು ನಳಿಗೆಯಿಂದ ಅದು ಸೆಕೆಂಡಿಗೆ 250 ಮೀಟರ್ ವೇಗದಲ್ಲಿ ಹೊರಡುತ್ತದೆ ಎಂದುಕೊಂಡರೆ ರಿವಾಲ್ವರು ಹಿಂದಕ್ಕೆ ಒದೆಯುವುದು ಸೆಕೆಂಡಿಗೆ ಐದು ಮೀಟರಿಗೂ ಹೆಚ್ಚು ವೇಗದಲ್ಲಿ. ಪುಸ್ತಕದ ಉತ್ತರಕ್ಕಿಂತ ಮೂರೂವರೆ ಪಟ್ಟು. ಇದರಲ್ಲಿ ಇನ್ನೊಂದು ಬಾಬ್ತು ಸೇರಿಲ್ಲ. ಮದ್ದು ಉರಿದು ಹುಟ್ಟಿದ ಅನಿಲ ಗುಂಡಿನ ಬೆನ್ನಿಗೇ, ಗುಂಡಿಗಿಂತ ಎಷ್ಟೋ ಪಟ್ಟು ವೇಗದಲ್ಲಿ ಹೊರಗೆ ನುಗ್ಗುತ್ತದೆ. ಅದಕ್ಕೂ ಹಿಮ್ಮುಖ ಒದೆ ಇದೆ. ಶಾಲೆಯ ಲೆಕ್ಕ ಅದನ್ನು ಮರೆತುಬಿಡುತ್ತದೆ, ಹೆಬ್ಬೆರಳಿನ ಬುಡ ಮರೆಯುವುದಿಲ್ಲ.

ಅಜ್ಜನ ಕೋವಿಯೂ ಹೆಚ್ಚುಕಡಿಮೆ ಇದೇ ವೇಗದಲ್ಲಿ ಹಿಂದಕ್ಕೆ ಬರುತ್ತದೆ. ಅದರ ತೂಕ ಮೂರು ಕೆಜಿ, ಆದ್ದರಿಂದ ಶಕ್ತಿಯ ಲೆಕ್ಕದಲ್ಲಿ ಅದರ ಒದೆಯೇ ದೊಡ್ಡದು. ಆದರೆ ಅದನ್ನು ತಡೆಯಲು ಅಂಗೈಯಗಲದ ಮರದ ಹಿಡಿ ಇತ್ತು, ಅದರ ಹಿಂದೆ ಇಡೀ ಮೈ ಇತ್ತು. ಇಲ್ಲಿ ಎಲ್ಲವೂ ಬಂದು ಬೀಳುವುದು ಹೆಬ್ಬೆರಳು ಮತ್ತು ತೋರುಬೆರಳಿನ ನಡುವಿನ ಸಂದಿಗೆ. ಸಣ್ಣ ರಿವಾಲ್ವರಿನ ಹಿಡಿ ಎಷ್ಟು ಚಿಕ್ಕದೆಂದರೆ ಕಿರುಬೆರಳಿಗೆ ಜಾಗವೇ ಇರುವುದಿಲ್ಲ. ಮೇಲಾಗಿ ಅದರ ಟ್ರಿಗರ್ ಎಳೆಯಲು ಐದು ಕೆಜಿ ಎತ್ತುವಷ್ಟು ಬಲ ಬೇಕು. ಅರ್ಧ ಕೆಜಿ ವಸ್ತುವನ್ನು ಅಲುಗಾಡದಂತೆ ಹಿಡಿದು, ಅದೇ ಕೈಯ ಒಂದು ಬೆರಳಿನಲ್ಲಿ ಐದು ಕೆಜಿ ಎಳೆಯಬೇಕು. ಸಂಧಿವಾತದ ಕೈಗೆ ಹೇಳಿ ಮಾಡಿಸಿದ ಶಿಕ್ಷೆ.

ಇಂಥದ್ದನ್ನು ಅಂಗಡಿಯವನು ಇವಳಿಗೆ ಯಾಕೆ ಕೊಟ್ಟ? ಹೆಂಗಸರ ಕೈಗೆ ಹಗುರದ್ದೇ ಸರಿ ಎಂದು. ವ್ಯಾನಿಟಿ ಬ್ಯಾಗಿಗೆ ಹಿಡಿಸುತ್ತದೆ ಎಂದು. ಇದು ಅವನೊಬ್ಬನ ತಪ್ಪೂ ಅಲ್ಲ. ನೂರು ವರ್ಷದಿಂದ ಈ ಮಾತನ್ನು ಮಾರುಕಟ್ಟೆ ಹೇಳುತ್ತಲೇ ಬಂದಿದೆ.

ಸಣ್ಣ ರಿವಾಲ್ವರಿನ ಕಥೆ ತೂಕ ಇಳಿಸುವ ಕಥೆಯೇ. 1950ರಲ್ಲಿ ಕೊಲರಾಡೊ ಸ್ಪ್ರಿಂಗ್ಸ್‌ನಲ್ಲಿ ಪೊಲೀಸ್ ಮುಖ್ಯಸ್ಥರ ಸಮ್ಮೇಳನ ನಡೆದಾಗ ಸ್ಮಿತ್ ಆಂಡ್ ವೆಸನ್ ಒಂದು ಹೊಸ ರಿವಾಲ್ವರನ್ನು ಅವರ ಮುಂದಿಟ್ಟು ಹೆಸರು ನೀವೇ ಆರಿಸಿ ಎಂದಿತು. ಮುಖ್ಯಸ್ಥರು ತಮ್ಮ ಹೆಸರನ್ನೇ ಆರಿಸಿದರು: ‘ಚೀಫ್ಸ್ ಸ್ಪೆಷಲ್’. ಕೋಟಿನ ಕೆಳಗೆ ಅಡಗುವ, ಆದರೆ ಪೊಲೀಸರ ದೊಡ್ಡ ರಿವಾಲ್ವರಿನ .38 ಸ್ಪೆಷಲ್ ತೋಟಾವನ್ನೇ ಹಾಕಬಹುದಾದ ಐದು ಗುಂಡಿನ ಉಕ್ಕಿನ ರಿವಾಲ್ವರು. ತೂಕ ಸುಮಾರು 550 ಗ್ರಾಂ. ಎರಡೇ ವರ್ಷದಲ್ಲಿ ಅಲ್ಯೂಮಿನಿಯಂ ಮೈಯದು ಬಂತು. ಆಮೇಲೆ ಟೈಟಾನಿಯಂ, ಸ್ಕ್ಯಾಂಡಿಯಂ ಸೇರಿಸಿದ ಮಿಶ್ರಲೋಹ. 340ಪಿಡಿ ಎಂಬ ಮಾದರಿಯ ತೂಕ 325 ಗ್ರಾಂ ಮಾತ್ರ, ಅದಕ್ಕೆ .38 ಸಾಲದೆಂದು .357 ಮ್ಯಾಗ್ನಮ್ ತೋಟಾ! ಆ ಲೆಕ್ಕವನ್ನೂ ಲಕೋಟೆಯ ಮೇಲೆ ಹಾಕಿದೆ. ಅನಿಲದ ಒದೆ ಸೇರಿಸಿದರೆ ಸೆಕೆಂಡಿಗೆ ಹತ್ತು ಮೀಟರ್ ದಾಟಿತು. ಕಿಸೆಯಲ್ಲಿ ದಿನವಿಡೀ ಸುಖ, ಹೊಡೆದ ಕ್ಷಣ ನರಕ.

ತೋಟಾವೊಂದರ ಒದೆ ಎಷ್ಟೆಂದು ಹೊಡೆಯುವ ಮೊದಲೇ ತಿಳಿಯಬಹುದು. ಅದಕ್ಕೆ ಭೌತಶಾಸ್ತ್ರದ ಮೇಷ್ಟ್ರೇ ಬೇಕೆಂದಿಲ್ಲ, ಕಿರಾಣಿ ಅಂಗಡಿಯ ಲೆಕ್ಕ ಸಾಕು. ಅಮೆರಿಕದಲ್ಲಿ ಗುಂಡಿನ ತೂಕವನ್ನು ಗ್ರೇನ್‌ಗಳಲ್ಲಿ ಬರೆಯುತ್ತಾರೆ. ನಮಗೆ ಇದು ಪರಕೀಯವಲ್ಲ. ನಮ್ಮ ಹಳೆಯ ತೊಲ ಅಂದರೆ ಸರಿಯಾಗಿ 180 ಗ್ರೇನ್. ಕಂಪನಿ ಸರ್ಕಾರ 1833ರಲ್ಲಿ ಬೆಳ್ಳಿ ರೂಪಾಯಿಗೂ ತೊಲಕ್ಕೂ ಕಟ್ಟಿದ ತೂಕ ಅದು. .38ರ ಮಾಮೂಲಿ ಗುಂಡು 158 ಗ್ರೇನ್, ಅಂದರೆ ತೊಲಕ್ಕೆ ಸ್ವಲ್ಪ ಕಡಿಮೆ ಸೀಸ. ಗುಂಡಿನ ವೇಗವನ್ನು ಕಂಪನಿಗಳು ಸೆಕೆಂಡಿಗೆ ಇಷ್ಟು ಅಡಿ ಎಂದು ಕೊಡುತ್ತವೆ. ಈ ಎರಡನ್ನೂ ಗುಣಿಸಿ ಸಾವಿರದಿಂದ ಭಾಗಿಸಿ. ಸ್ಪರ್ಧೆಗಳಲ್ಲಿ ಗುರಿ ಹೊಡೆಯುವವರು ಇದನ್ನೇ ಪವರ್ ಫ್ಯಾಕ್ಟರ್ ಅನ್ನುತ್ತಾರೆ. ಒಂದೇ ರಿವಾಲ್ವರಿಗೆ ಎರಡು ಡಬ್ಬಿ ಹೋಲಿಸುವಾಗ ಯಾವುದರ ಸಂಖ್ಯೆ ಚಿಕ್ಕದೋ ಅದರ ಒದೆ ಕಮ್ಮಿ.

158 ಗ್ರೇನಿನ ಮಾಮೂಲಿ .38, ಸೆಕೆಂಡಿಗೆ 755 ಅಡಿ: 119. ಅದೇ ತೂಕದ .357 ಮ್ಯಾಗ್ನಮ್, 1240 ಅಡಿ: 196. ತುದಿ ಮೊಂಡಾದ 148 ಗ್ರೇನಿನ ಗುರಿ-ಅಭ್ಯಾಸದ ತೋಟಾ, 690 ಅಡಿ: 102. ಇವೆಲ್ಲ ಉದ್ದ ನಳಿಗೆಯಲ್ಲಿ ಅಳೆದ ವೇಗಗಳು, ಮೊಂಡು ನಳಿಗೆಯಲ್ಲಿ ಎಲ್ಲವೂ ಇಳಿಯುತ್ತವೆ. ಹೋಲಿಕೆಗೆ ಸಾಕು. 119ಕ್ಕೂ 102ಕ್ಕೂ ಏನು ಮಹಾ ವ್ಯತ್ಯಾಸ ಅನ್ನಿಸಬಹುದು. ಒದೆಯ ಶಕ್ತಿ ಈ ಸಂಖ್ಯೆಯ ವರ್ಗದ ಹಾಗೆ ಏರುತ್ತದೆ, ಇಳಿಯುತ್ತದೆ. ಹಾಗಾಗಿ ಕೈಗೆ ತಟ್ಟುವ ಪೆಟ್ಟಿನಲ್ಲಿ ಕಾಲು ಭಾಗಕ್ಕಿಂತ ಹೆಚ್ಚು ಕಡಿತ.

ಮೋಸ ಹೋಗುವುದು ಎಲ್ಲಿ ಅಂದರೆ, ಡಬ್ಬಿಯ ಮೇಲಿನ ಹೆಸರಿನಲ್ಲಿ. ‘ಲೈಟ್’, ‘ಲೋ ರಿಕಾಯ್ಲ್’ ಎಂದು ಬರೆದ ತೋಟಾಗಳಲ್ಲಿ ಗುಂಡಿನ ತೂಕವನ್ನು 110, 90 ಗ್ರೇನಿಗೆ ಇಳಿಸಿರುತ್ತಾರೆ. ಹಾರ್ನಡಿ ಕಂಪನಿಯ 90 ಗ್ರೇನಿನ ಗುಂಡಿಗೆ ಗುಲಾಬಿ ಬಣ್ಣದ ತುದಿ ಬೇರೆ. ಯಾರಿಗಾಗಿ ಮಾಡಿದ್ದೆಂದು ಕೇಳುವುದೇ ಬೇಡ. ಅವು ಕೆಟ್ಟ ತೋಟಾಗಳೇನಲ್ಲ. ಆದರೆ ಗುಂಡಿನ ತೂಕ ಇಳಿಸಿ ವೇಗ ಏರಿಸಿದರೆ ಗುಣಾಕಾರದಲ್ಲಿ ಉಳಿತಾಯ ಕರಗಿಹೋಗುತ್ತದೆ. ಇನ್ನೊಂದು ಕಡೆ ‘+ಪಿ’ ಎಂಬ ಗುರುತು. ಅದಿದ್ದರೆ ಒಳಗಿನ ಒತ್ತಡ ಮಾಮೂಲಿಗಿಂತ ಹೆಚ್ಚು, ಹಳೆಯ ಹಗುರ ರಿವಾಲ್ವರುಗಳಿಗೆ ಅದು ಕೂಡದು. ತಂಗಿಯ ಲಾಕರಿನ ಡಬ್ಬಿಯ ಮೇಲೆ ಆ ಗುರುತು ಇತ್ತು. ಅವಳು ಅದನ್ನು ಬ್ಯಾಟರಿಯ ಪ್ಲಸ್ ಚಿಹ್ನೆಯ ಹಾಗೆ ಏನೋ ಒಳ್ಳೆಯದೇ ಇರಬೇಕು ಎಂದುಕೊಂಡಿದ್ದಳು.

ಆ ಶನಿವಾರ ರೇಂಜಿಗೆ ಹೋದೆವು. ನಾನು ಗಾಜಿನ ಗೋಡೆಯ ಈಚೆ, ಕಿವಿಗೆ ಮುಚ್ಚಳ ಹಾಕಿಕೊಂಡು. ಅವಳಿಗೆ ಹೇಳಿಕೊಡಲು ಬಂದವರು ಪೊಲೀಸ್ ಕೆಲಸದಿಂದ ನಿವೃತ್ತರಾದ ಒಬ್ಬ ಮಹಿಳೆ, ಅರವತ್ತು ದಾಟಿದ್ದವರು, ಬೆರಳಿನ ಗೆಣ್ಣುಗಳು ತಂಗಿಯವಕ್ಕಿಂತ ಸೊಟ್ಟ. ಮೊದಲು ಅವರು ಒಂದು ಆಟ ಆಡಿದರು. ಸಿಲಿಂಡರಿನ ಐದು ಮನೆಗಳಲ್ಲಿ ಮೂರಕ್ಕೆ ನಿಜವಾದ ತೋಟಾ, ಎರಡಕ್ಕೆ ಹೊಡೆದು ಖಾಲಿಯಾದ ಚಿಪ್ಪು. ತಿರುಗಿಸಿ, ಯಾವುದು ಎಲ್ಲಿದೆ ಎಂದು ಗೊತ್ತಾಗದ ಹಾಗೆ ಮುಚ್ಚಿ ಕೊಟ್ಟರು. ಮೊದಲನೆಯದು ಸಿಡಿಯಿತು. ಎರಡನೆಯದು ಖಾಲಿ: ‘ಟಕ್’ ಎಂದಿತಷ್ಟೆ. ಆದರೆ ಆ ‘ಟಕ್’ ಕೇಳಿಸುವ ಮೊದಲೇ ರಿವಾಲ್ವರಿನ ಮೂತಿ ಒಂದೂವರೆ ಇಂಚು ಕೆಳಕ್ಕೆ ಬಾಗಿತು, ತಂಗಿಯ ಕಣ್ಣು ಮುಚ್ಚಿದ್ದವು. ಗಾಜಿನಾಚೆಯಿಂದಲೂ ಸ್ಪಷ್ಟ ಕಂಡಿತು. ಒದೆ ಬರುವ ಮೊದಲೇ ಕೈ ಒದೆಗೆ ಉತ್ತರ ಕೊಟ್ಟಾಗಿತ್ತು. ಇಂಜೆಕ್ಷನ್ ಸೂಜಿ ಚರ್ಮಕ್ಕೆ ತಾಗುವ ಮೊದಲೇ ಕೈ ಎಳೆದುಕೊಳ್ಳುವ ಮಗುವಿನ ಹಾಗೆ.

ಏಳು ಗಜ ದೂರದ ಕಾಗದದ ಮೇಲೆ ಅವಳ ಗುಂಡುಗಳು ಎಲ್ಲೆಲ್ಲೋ ಇದ್ದವು. ಒಂದು ಕಾಗದದ ಅಂಚಿನಲ್ಲಿ, ಒಂದು ಕಾಣಿಸಲೇ ಇಲ್ಲ.

ಆಗ ಆಕೆ ತಮ್ಮ ಚೀಲದಿಂದ ಬೇರೊಂದು ಡಬ್ಬಿ ತೆಗೆದರು. ತಂಗಿ ಒಂದನ್ನು ಬೆಳಕಿಗೆ ಹಿಡಿದು ತಿರುಗಿ ನನ್ನ ಕಡೆ ನೋಡಿ ಹುಬ್ಬೇರಿಸಿದಳು. ಆಮೇಲೆ ಹೇಳಿದಳು, ‘ಅದರಲ್ಲಿ ಗುಂಡೇ ಇರಲಿಲ್ಲ ಅಂದ್ಕೊಂಡೆ ಅಣ್ಣ.’ ಅದು ವಾಡ್‌ಕಟರ್. ಮೂಗೇ ಇಲ್ಲದ ಗುಂಡು. ಹಿತ್ತಾಳೆಯ ಚಿಪ್ಪಿನ ಬಾಯಿಯ ಮಟ್ಟಕ್ಕೆ ಚಪ್ಪಟೆಯಾಗಿ ಕೂತಿರುತ್ತದೆ, ತುಂಬಿದ ಪಾವಿನ ಮೇಲೆ ಅಂಗೈ ಎಳೆದ ಹಾಗೆ. ಗುರಿ ಸ್ಪರ್ಧೆಯವರಿಗೆಂದು ಹುಟ್ಟಿದ್ದು. ಚೂಪು ಗುಂಡು ಕಾಗದವನ್ನು ಹರಿಯುತ್ತದೆ, ಅಂಕ ಎಣಿಸುವವರಿಗೆ ಜಗಳ. ಚಪ್ಪಟೆ ಗುಂಡು ಕಚೇರಿಯ ಪಂಚಿಂಗ್ ಮಷಿನ್ ಹೊಡೆದ ಹಾಗೆ ದುಂಡನೆಯ ತೂತು ಕೊರೆಯುತ್ತದೆ. ಕಾಗದಕ್ಕೆ ತೂತು ಹೊಡೆಯಲು ವೇಗ ಬೇಕಿಲ್ಲವಾದ್ದರಿಂದ ಮದ್ದನ್ನು ಚಿಟಿಕೆಯಷ್ಟೇ ಹಾಕುತ್ತಾರೆ.

ಐದು ಹೊಡೆದಳು. ಮತ್ತೆ ಐದು. ಮೂತಿ ಈಗಲೂ ಬಾಗುತ್ತಿತ್ತು, ಮೂರನೇ ಸುತ್ತಿಗೆ ಕಡಿಮೆಯಾಯಿತು. ನಾಲ್ಕನೇ ಸುತ್ತಿನ ಐದೂ ತೂತುಗಳು ಒಂದು ಅಕ್ಕಿರೊಟ್ಟಿಯ ಅಗಲದೊಳಗೆ ಬಿದ್ದವು. ಕೈ ಅದೇ, ರಿವಾಲ್ವರೂ ಅದೇ.

ಇದರಲ್ಲೂ ಒಂದು ತೊಡಕಿದೆ. ಮೂಗಿಲ್ಲದ ಗುಂಡನ್ನು ಸಿಲಿಂಡರಿನ ಮನೆಗೆ ತೂರಿಸುವುದು ಕಷ್ಟ, ಅಂಚಿಗೆ ತಗುಲಿ ನಿಲ್ಲುತ್ತದೆ. ಚೂಪು ಗುಂಡು ದಾರಿ ತಾನೇ ಹುಡುಕಿಕೊಳ್ಳುತ್ತದೆ. ತಂಗಿಗೆ ಐದು ತುಂಬಲು ಒಂದು ನಿಮಿಷವೇ ಹಿಡಿಯಿತು. ಇನ್ನು ಆತ್ಮರಕ್ಷಣೆಗೆ ಇಷ್ಟು ಮೆತ್ತನೆಯ ತೋಟಾ ಸಾಕೇ ಎಂಬ ವಾದ. ಮಿಯಾಮಿಯಲ್ಲಿ 1986ರಲ್ಲಿ ನಡೆದ ಗುಂಡಿನ ಕಾಳಗದಲ್ಲಿ ಇಬ್ಬರು ಏಜೆಂಟರನ್ನು ಕಳೆದುಕೊಂಡ ಎಫ್‌ಬಿಐ, ಆಮೇಲೆ ಜೆಲಟಿನ್ ಅಚ್ಚುಗಳಿಗೆ ಗುಂಡು ಹೊಡೆದು 12ರಿಂದ 18 ಇಂಚು ಒಳಹೋಗಬೇಕು ಎಂಬ ಅಳತೆಗೋಲು ಮಾಡಿತು. ಅಂದಿನಿಂದ ಅಮೆರಿಕದ ಬಂದೂಕು ಪತ್ರಿಕೆಗಳು ಜೆಲಟಿನ್ನಿನ ಫೋಟೊಗಳಿಂದಲೇ ಪುಟ ತುಂಬಿಸುತ್ತಿವೆ. ಅರಳದ ಚಪ್ಪಟೆ ಗುಂಡು ನಿಧಾನವಾಗಿದ್ದರೂ ನೇರ ಒಳಹೋಗುತ್ತದೆ, ಹಗುರ ಗುಂಡು ಬೇಗ ಅರಳಿ ಮೊದಲೇ ನಿಲ್ಲಬಹುದು. ಇಷ್ಟು ಹೇಳಿ ನಾನು ಈ ವಾದದಿಂದ ಹೊರಗೆ ಬರುತ್ತೇನೆ. ಮೊದಲು ಬೇಕಾದದ್ದು ಗುರಿ. ಮನೆಯೊಳಗೆ ಗುರಿ ತಪ್ಪಿದ ಗುಂಡು ಗೋಡೆ ದಾಟಿ ಪಕ್ಕದ ಮನೆಗೂ ಹೋಗಬಹುದು. ಅಮೆರಿಕದ ಮನೆಗಳ ಒಳಗೋಡೆ ಜಿಪ್ಸಂ ಹಲಗೆಯವು. ಆ ನಿವೃತ್ತ ಪೊಲೀಸ್ ಮಹಿಳೆ ಕೂಡ ತಂಗಿಗೆ ಹೇಳಿದ್ದು ಇಷ್ಟೇ: ನಿನಗೆ ಹೊಡೆಯಲು ಹೆದರಿಕೆಯಾಗದ ತೋಟಾವೇ ನಿನ್ನ ತೋಟಾ.

ಹೊರಡುವ ಮೊದಲು ಅವರು ಕೌಂಟರಿನ ಗಾಜಿನೊಳಗಿದ್ದ ಆ 325 ಗ್ರಾಂನ ರಿವಾಲ್ವರಿನ ನಳಿಗೆಯನ್ನು ತೋರಿಸಿದರು. ಬರಿಗಣ್ಣಿಗೆ ಕಷ್ಟಪಟ್ಟು ಕಾಣುವ ಅಕ್ಷರಗಳಲ್ಲಿ, 120 ಗ್ರೇನಿಗಿಂತ ಕಡಿಮೆ ತೂಕದ ಗುಂಡು ಹಾಕಬೇಡಿ ಎಂದು ಕೆತ್ತಿತ್ತು. ಹಗುರ ರಿವಾಲ್ವರಿಗೆ ಹಗುರ ಗುಂಡು ಬೇಡವೆನ್ನುವುದು ವಿಚಿತ್ರ ಅನ್ನಿಸಿತು. ಕಾರಣ ಇದೆ. ಹಗುರ ಗುಂಡನ್ನು ಓಡಿಸಲು ಹೆಚ್ಚು ಮದ್ದು ತುಂಬುತ್ತಾರೆ, ಆ ಉರಿ ಟೈಟಾನಿಯಂ ಸಿಲಿಂಡರನ್ನು ಕೊರೆದು ಬೇಗ ಸವೆಸುತ್ತದೆ. ಭಾರದ ಗುಂಡು ಹಾಕಿದರೆ ಬೇರೆ ಪೇಚು. ನಿಂತ ಬಸ್ಸು ಜರ್ಕ್ ಹೊಡೆದು ಹೊರಟಾಗ ಕಂಬಿ ಹಿಡಿಯದ ಪ್ರಯಾಣಿಕ ಹಿಂದಕ್ಕೆ ವಾಲುತ್ತಾನಲ್ಲ? ಒಂದು ಗುಂಡು ಹಾರಿದಾಗ ರಿವಾಲ್ವರು ಮಿಕ್ಕ ನಾಲ್ಕು ಚಿಪ್ಪುಗಳನ್ನು ಹಿಡಿದುಕೊಂಡೇ ಹಿಂದಕ್ಕೆ ನೆಗೆಯುತ್ತದೆ. ಚಿಪ್ಪಿನೊಳಗಿನ ಗುಂಡು ಜಡತ್ವದಿಂದ ಇದ್ದಲ್ಲೇ ಉಳಿಯಲು ನೋಡುತ್ತದೆ. ಎರಡು ಮೂರು ಸಲ ಹೀಗಾದರೆ ಗುಂಡು ಚಿಪ್ಪಿನಿಂದ ಜಾರಿ ಮುಂದೆ ಇಣುಕಿ, ಸಿಲಿಂಡರು ತಿರುಗದಂತೆ ಅಡ್ಡ ನಿಲ್ಲುತ್ತದೆ. ರಿವಾಲ್ವರು ಕೈಕೊಡುವುದಿಲ್ಲ ಎಂಬ ಮಾತು ಅಲ್ಲಿಗೆ ಮುಗಿಯಿತು. ಮೂವತ್ತು ವರ್ಷ ಜಡತ್ವದ ಪಾಠಕ್ಕೆ ಬಸ್ಸನ್ನೇ ಉದಾಹರಣೆ ಕೊಟ್ಟ ನನಗೆ ಇದು ಗೊತ್ತಿರಲಿಲ್ಲ.

ಒದೆ ತಗ್ಗಿಸುವ ಚಿಂತೆ ವಯಸ್ಸಾದವರದ್ದೂ ಹೆಂಗಸರದ್ದೂ ಮಾತ್ರ ಎಂದುಕೊಂಡರೆ ತಪ್ಪು. ಅದನ್ನು ಮೊದಲು ತಲೆಗೆ ಹಚ್ಚಿಕೊಂಡವರಲ್ಲಿ ಬ್ರಿಟಿಷ್ ಸೇನೆಯೂ ಒಂದು. ಮೊದಲ ಮಹಾಯುದ್ಧದಲ್ಲಿ ಅವರ ಅಧಿಕಾರಿಗಳ ಸೊಂಟದಲ್ಲಿ ಇದ್ದದ್ದು .455 ವೆಬ್ಲಿ. ಒಂದು ಕೆಜಿ ದಾಟಿದ ತೂಕ, 265 ಗ್ರೇನಿನ ಗುಂಡು, ಅಂದರೆ ಒಂದೂವರೆ ತೊಲ ಸೀಸ. ಆರಾಮಾಗಿ ಕಲಿಯಲು ಸಮಯವಿದ್ದ ಹಳೆಯ ಸಿಪಾಯಿಗೆ ಸರಿ. ಯುದ್ಧಕಾಲದಲ್ಲಿ ಕೆಲವು ವಾರ ತರಬೇತಿ ಪಡೆದು ಬಂದ ಹುಡುಗರ ಕೈಗೆ ಅದು ಪಳಗಲಿಲ್ಲ. ಯುದ್ಧ ಮುಗಿದ ಮೇಲೆ ಸೇನೆ .38ಕ್ಕೆ ಇಳಿಯಿತು. 200 ಗ್ರೇನಿನ ಗುಂಡನ್ನು ನಿಧಾನಕ್ಕೆ ಕಳಿಸುವ ತೋಟಾ. 1932ರಲ್ಲಿ ಎನ್‌ಫೀಲ್ಡ್ ನಂಬರ್ 2 ರಿವಾಲ್ವರ್ ಬಂದದ್ದು ಹೀಗೆ. ಅದರ ಜೊತೆಹುಟ್ಟಿನಂಥದ್ದು ವೆಬ್ಲಿ ಕಂಪನಿಯ ಮಾರ್ಕ್ 4. ನಮ್ಮ ಹಳೆಯ ಸಿನಿಮಾಗಳ ಇನ್‌ಸ್ಪೆಕ್ಟರು ನಡು ಮುರಿದು ತೋಟಾ ತುಂಬುತ್ತಿದ್ದ ರಿವಾಲ್ವರು ಈ ಮನೆತನದ್ದೇ.

ಈ ಮನೆತನ ಭಾರತದಲ್ಲಿ ಇನ್ನೂ ಬಾಳುತ್ತಿದೆ. ಕಾನ್ಪುರದ ಸ್ಮಾಲ್ ಆರ್ಮ್ಸ್ ಫ್ಯಾಕ್ಟರಿಯ .32 ರಿವಾಲ್ವರಿಗೆ ಮಾದರಿ ಅದೇ ವೆಬ್ಲಿ ಮಾರ್ಕ್ 4. ಸೇನೆ, ಪೊಲೀಸರು ಬಳಸುವ ಕ್ಯಾಲಿಬರುಗಳು ಸಾಮಾನ್ಯ ಲೈಸೆನ್ಸುದಾರರಿಗೆ ಸಿಗುವುದಿಲ್ಲವಾದ್ದರಿಂದ ನಮ್ಮಲ್ಲಿ ರಿವಾಲ್ವರ್ ಎಂದರೆ .32 ಎಂದೇ ಅರ್ಥ. ಅದರ ತೋಟಾ .32 ಸ್ಮಿತ್ ಆಂಡ್ ವೆಸನ್ ಲಾಂಗ್, 1896ರಲ್ಲಿ ಹುಟ್ಟಿದ್ದು. ಅಮೆರಿಕದ ಅಧ್ಯಕ್ಷರಾಗುವ ಮೊದಲು ನ್ಯೂಯಾರ್ಕಿನ ಪೊಲೀಸ್ ಕಮಿಷನರ್ ಆಗಿದ್ದ ಥಿಯೋಡರ್ ರೂಸ್ವೆಲ್ಟ್ ತಮ್ಮ ಪೊಲೀಸರಿಗೆ ಕೊಡಿಸಿದ್ದು .32 ರಿವಾಲ್ವರುಗಳನ್ನೇ. 98 ಗ್ರೇನಿನ ಗುಂಡು, ಸೆಕೆಂಡಿಗೆ 700 ಅಡಿ ಚಿಲ್ಲರೆ. ನಮ್ಮ ಗುಣಾಕಾರದಲ್ಲಿ ಅದರ ಅಂಕ 69.

ಕಾನ್ಪುರದ ರಿವಾಲ್ವರಿನ ತೂಕ 700 ಗ್ರಾಂ ಆಸುಪಾಸು. ಆರು ತೋಟಾ ತುಂಬಿದರೆ 760. ಶಾಲೆಯ ಸೂತ್ರ ಹಾಕಿ ನೋಡಿದೆ: ಸೆಕೆಂಡಿಗೆ 1.8 ಮೀಟರ್. ಪುಸ್ತಕದ ಒಂದೂವರೆ ಮೀಟರಿಗೆ ಇಷ್ಟು ಹತ್ತಿರ ಬಂದ ರಿವಾಲ್ವರು ನನ್ನ ಲಕೋಟೆಯ ಮೇಲೆ ಇದೊಂದೇ. ಟೆಕ್ಸಾಸಿನ ಅಂಗಡಿಯಲ್ಲಿ ಗೋಡೆ ತುಂಬ ಡಬ್ಬಿಗಳಿಂದ ತಂಗಿ ಹುಡುಕಬೇಕಾಗಿದ್ದ ಮೆತ್ತನೆಯ ಒದೆ ನಮ್ಮಲ್ಲಿ ಕಾನೂನಿನ ಅಡ್ಡಪರಿಣಾಮವಾಗಿ ತಾನೇ ಬಂದುಬಿಟ್ಟಿದೆ. ಆಯ್ಕೆಯ ತಾಪತ್ರಯವೇ ಇಲ್ಲ. 1980ರ ದಶಕದ ನಡುವಿನಿಂದ ವಿದೇಶಿ ಬಂದೂಕುಗಳ ಆಮದು ಸಾಮಾನ್ಯರಿಗೆ ಬಂದ್. ಚಿಪ್ಪಿನ ಬೆನ್ನ ಮೇಲೆ ‘ಕೆಎಫ್’ ಎಂದು ಮುದ್ರೆಯಿರುವ, ಪುಣೆ ಬಳಿಯ ಖಡ್ಕಿ ಕಾರ್ಖಾನೆಯ ತೋಟಾ ಸಿಕ್ಕರೆ ಸಿಕ್ಕಿತು. ವರ್ಷಕ್ಕೆ ಎಷ್ಟು ಕೊಳ್ಳಬಹುದೆಂದು ಲೈಸೆನ್ಸಿನಲ್ಲೇ ಬರೆದಿರುತ್ತದೆ.

ಇದರ ನಡುವೆಯೂ ನಾವು ಅಮೆರಿಕದ ಅಂಗಡಿಯವನ ಮಾತನ್ನೇ ಹಿಡಿದೆವು. ದೆಹಲಿಯ 2012ರ ಅತ್ಯಾಚಾರ ಪ್ರಕರಣದ ನಂತರ, 2014ರ ಜನವರಿಯಲ್ಲಿ, ಕಾನ್ಪುರದಿಂದ ‘ನಿರ್ಭೀಕ್’ ಬಂತು. ಟೈಟಾನಿಯಂ ಮಿಶ್ರಲೋಹ, 500 ಗ್ರಾಂ, ಬೆಲೆ ಒಂದು ಲಕ್ಷ ಇಪ್ಪತ್ತೆರಡು ಸಾವಿರ ರೂಪಾಯಿ ದಾಟಿತ್ತು. ಹೆಂಗಸರ ಪರ್ಸಿಗೆ ಹಿಡಿಸುವ ರಿವಾಲ್ವರ್ ಎಂದು ಪತ್ರಿಕೆಗಳೆಲ್ಲ ಬರೆದವು. ಆ ಬೆಲೆಗೆ ಯಾವ ಹೆಣ್ಣುಮಗಳು ಕೊಂಡಾಳು ಎಂಬ ಟೀಕೆಯೂ ಬಂತು, ನ್ಯಾಯವಾದದ್ದೇ. ಆದರೆ 200 ಗ್ರಾಂ ಇಳಿಸಿದ್ದರಿಂದ ಕೈಗೆ ಏನಾಯಿತು ಎಂದು ಕೇಳಿದವರನ್ನು ನಾನು ಕಾಣಲಿಲ್ಲ. ಲೆಕ್ಕ ಹೇಳುತ್ತದೆ: ಅದೇ ತೋಟಾ ಹಾಕಿದರೆ ಒದೆಯ ವೇಗ 1.8ರಿಂದ 2.4ಕ್ಕೆ ಏರಿತು. .32 ಮೆತ್ತಗಿದ್ದುದರಿಂದ ಬಚಾವ್. 2023ರಲ್ಲಿ ಬಂದ ‘ಪ್ರಬಲ್’ ಮತ್ತೆ 675 ಗ್ರಾಂಗೆ ಏರಿತು. ಯಾರೋ ಒಬ್ಬರು ಹೊಡೆದು ನೋಡಿರಬೇಕು.

.32 ಅಂದರೆ ಆಟಿಕೆ, ಸೊಳ್ಳೆ ಕಚ್ಚಿದ ಹಾಗೆ ಎಂದು ಮೂಗು ಮುರಿಯುವವರು ನಮ್ಮಲ್ಲೂ ಇದ್ದಾರೆ. ಅವರಿಗೆ ಜಸ್ಪಾಲ್ ರಾಣಾ ನೆನಪಿರಲಿ. 1994ರ ಹಿರೋಶಿಮಾ ಏಷ್ಯನ್ ಕ್ರೀಡಾಕೂಟದಲ್ಲಿ 25 ಮೀಟರ್ ಸೆಂಟರ್‌ಫೈರ್ ಪಿಸ್ತೂಲಿನಲ್ಲಿ ಚಿನ್ನ. 2006ರಲ್ಲಿ ದೋಹಾದಲ್ಲಿ ಅದೇ ಸ್ಪರ್ಧೆಯಲ್ಲಿ 590 ಅಂಕ ಗಳಿಸಿ ವಿಶ್ವದಾಖಲೆ ಸರಿಗಟ್ಟಿ ಮತ್ತೆ ಚಿನ್ನ. ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಎರಡು ಕಂಚು ಗೆದ್ದ ಮನು ಭಾಕರ್ ಅವರ ಗುರು ಈ ರಾಣಾ ಅವರೇ. ಸೆಂಟರ್‌ಫೈರ್ ಸ್ಪರ್ಧೆಯ ನಿಯಮ .38ರವರೆಗೂ ಅವಕಾಶ ಕೊಡುತ್ತದೆ. ಆದರೂ ಜಗತ್ತಿನ ದೊಡ್ಡ ಗುರಿಕಾರರು ಅಲ್ಲಿಗೆ ಬಹುಪಾಲು ತರುವುದು .32 ಲಾಂಗ್ ವಾಡ್‌ಕಟರ್, ಯಾಕೆಂದರೆ ಒದೆ ಕಮ್ಮಿ. ಒಂದು ಹೊಡೆತದಿಂದ ಇನ್ನೊಂದಕ್ಕೆ ಕೈ ಬೇಗ ಗುರಿಗೆ ಮರಳುತ್ತದೆ. ಅವರ ಕೈಯಲ್ಲಿರುವ ಪಿಸ್ತೂಲು ಒಂದು ಕೆಜಿಗೂ ಭಾರ. ಚಾಂಪಿಯನ್ನಿಗೆ ಭಾರದ ಪಿಸ್ತೂಲು, ಹಗುರ ತೋಟಾ. ಅಜ್ಜಿಗೆ ಹಗುರ ರಿವಾಲ್ವರು, ಭಾರದ ತೋಟಾ. ಲೋಕ ಎಷ್ಟು ತಲೆಕೆಳಗು ನೋಡಿ.

ತಂಗಿ ಕಳೆದ ತಿಂಗಳು ಫೋನ್ ಮಾಡಿದ್ದಳು. ಹಿಡಿಗೆ ದಪ್ಪ ರಬ್ಬರಿನದು ಹಾಕಿಸಿದ್ದಾಳೆ, ಕಿರುಬೆರಳಿಗೂ ಜಾಗ ಸಿಕ್ಕಿದೆಯಂತೆ. ತಿಂಗಳಿಗೆರಡು ಶನಿವಾರ ರೇಂಜಿಗೆ ಹೋಗುತ್ತಾಳೆ. ವಾಡ್‌ಕಟರನ್ನೇ ಹೊಡೆಯುತ್ತಾಳೆ, ಮನೆಯಲ್ಲೂ ಅದನ್ನೇ ತುಂಬಿಟ್ಟಿದ್ದಾಳೆ. ‘ಮೊಮ್ಮಕ್ಕಳು ಬಂದಾಗ?’ ಎಂದು ಕೇಳಿದೆ. ‘ಲಾಕರಿನ ನಂಬರು ನನಗೊಬ್ಬಳಿಗೇ ಗೊತ್ತು, ಆಗಾಗ ನನಗೂ ಮರೆತುಹೋಗುತ್ತೆ’ ಎಂದು ನಕ್ಕಳು. ಮೊದಲ ದಿನದ ಇಪ್ಪತ್ತರ ಡಬ್ಬಿಯಲ್ಲಿ ಹನ್ನೆರಡು ಇನ್ನೂ ಹಾಗೇ ಇವೆಯಂತೆ.

ಕೊನೆಗೆ ವಿಜ್ಞಾನದ ಮೇಷ್ಟ್ರುಗಳಲ್ಲಿ ಒಂದು ಕೋರಿಕೆ. ಆ ಹಳೆಯ ಲೆಕ್ಕವನ್ನು ನೀವಿನ್ನೂ ಬೋರ್ಡಿನ ಮೇಲೆ ಹಾಕುವುದಿದ್ದರೆ 2 ಕೆಜಿ ಅಳಿಸಿ 485 ಗ್ರಾಂ ಎಂದು ಬರೆಯಿರಿ. 20 ಗ್ರಾಂ ಗುಂಡನ್ನು 10 ಮಾಡಿ, ವೇಗ 250 ಇರಲಿ. ಹಿಂದಿನ ಬೆಂಚಿನಿಂದ ಯಾರಾದರೂ ಎದ್ದು ನಿಂತರೆ ಕೂರಿಸಬೇಡಿ.